ಮೂರು ಆಯ್ತು, ಮಾತ್ರೆ ಮಾತ್ರ ಇಲ್ಲ

ಕನ್ನಡದಲ್ಲಿ ನನಗೆ ಮೈ ಉರಿಸುವ ಪದ ಒಂದೇ ಒಂದು. ಬೈಗುಳವಲ್ಲ, ಬೈಗುಳ ನನಗೂ ಬೇಕಾದಷ್ಟು ಬರುತ್ತವೆ. ‘ಆಯ್ತು’ ಅನ್ನುವ ಪದ. ಕೆಲಸ ಮುಗಿದಿದ್ದರೂ ಆಯ್ತು, ಇನ್ನು ಮೇಲೆ ಮಾಡುತ್ತೇನೆ ಅನ್ನುವುದಕ್ಕೂ ಆಯ್ತು, ನನ್ನ ತಲೆ ತಿನ್ನಬೇಡ, ಹೋಗು ಅನ್ನುವುದಕ್ಕೂ ಆಯ್ತು. ಹೊಟ್ಟೆ ತಾಳ ಹಾಕುತ್ತಿದ್ದರೂ ದಾರಿಯಲ್ಲಿ ಸಿಕ್ಕವರು ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತೇವೆ. ಐವತ್ತು ವರ್ಷ ಈ ಪದದ ಜೊತೆ ಸಂಸಾರ ಮಾಡಿಕೊಂಡೇ ಬಂದಿದ್ದೆ. ಅದು ಎಂಥ ಮೋಸಗಾರ ಪದ ಅನ್ನುವುದು ಆ ಎರಡು ದಿನಗಳಲ್ಲಿ ಗೊತ್ತಾಯಿತು.

ಚನ್ನಪಟ್ಟಣದ ಒಂದು ಬಾಡಿಗೆ ಮನೆಯಲ್ಲಿ ನಾಲ್ಕು ಜನ ಗಂಡಸರ ಜೊತೆ ಇದ್ದೇನೆ. ಬುದ್ಧಿಯ ಬೆಳವಣಿಗೆ ನಿಧಾನವಾದವರು. ಮಕ್ಕಳಲ್ಲ, ಎಲ್ಲರಿಗೂ ಮೂವತ್ತು ದಾಟಿದೆ, ಒಬ್ಬನಿಗೆ ಗಡ್ಡದಲ್ಲಿ ಬಿಳಿ ಕೂದಲು. ಮೊದಲೇ ಹೇಳಿಬಿಡುತ್ತೇನೆ, ಇದು ಆಶ್ರಮವಲ್ಲ. ಹುಟ್ಟುಹಬ್ಬದ ದಿನ ಕೇಕು ತಂದು, ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆಯಿಂದ ಬರುವವರನ್ನು ನಾನು ಬಾಗಿಲಲ್ಲೇ ವಾಪಸ್ ಕಳಿಸುತ್ತೇನೆ. ಇದು ಅವರ ಮನೆ. ಅವರೇ ತರಕಾರಿ ತರುತ್ತಾರೆ, ಬಟ್ಟೆ ಒಗೆದುಕೊಳ್ಳುತ್ತಾರೆ, ಟೀವಿ ರಿಮೋಟಿಗೆ ಜಗಳವಾಡುತ್ತಾರೆ. ಆಗದ ಕೆಲಸಕ್ಕೆ ನಾವಿದ್ದೇವೆ, ನಾನು ಮತ್ತು ನನ್ನ ಜೊತೆಗಾರ್ತಿ. ಆಗದ ಕೆಲಸಗಳಲ್ಲಿ ದೊಡ್ಡದು ಮಾತ್ರೆ.

ಮನೆ ನಡೆಸುವ ಟ್ರಸ್ಟಿನವರು ಬೆಂಗಳೂರಿನಲ್ಲಿ ಒಂದು ದಿನದ ತರಬೇತಿ ಕೊಟ್ಟು, ಕೈಗೊಂದು ಚಾರ್ಟು ಕೊಟ್ಟು ಕಳಿಸಿದ್ದರು. ಸರಿಯಾದ ವ್ಯಕ್ತಿಗೆ, ಸರಿಯಾದ ಮಾತ್ರೆ, ಸರಿಯಾದ ಅಳತೆಯಲ್ಲಿ, ಸರಿಯಾದ ಹೊತ್ತಿಗೆ. ಯಾರ ಕೈ ಕೊಟ್ಟಿತೋ ಆ ಕೈಯೇ ಟಿಕ್ ಹಾಕಬೇಕು, ಕೊಟ್ಟ ಮೇಲೇ ಹಾಕಬೇಕು. ಕೇಳುವುದಕ್ಕೆ ಎಷ್ಟು ಚೆಂದ! ಇಲ್ಲಿ ಅಂಗಡಿಗೆ ಹೋದರೆ ಹೋದ ತಿಂಗಳು ಹಳದಿ ಇದ್ದ ಮಾತ್ರೆ ಈ ತಿಂಗಳು ಬಿಳಿ. ಕೇಳಿದರೆ ‘ಅದೇ ಕಣಕ್ಕ, ಕಂಪ್ನಿ ಬ್ಯಾರೆ ಅಷ್ಟೆ’ ಅನ್ನುತ್ತಾನೆ. ಡಾಕ್ಟರ ಬರಹ ಓದಲು ಇನ್ನೊಬ್ಬ ಡಾಕ್ಟರೇ ಬೇಕು. ಚಾರ್ಟಿನ ತಲೆಬರಹವೆಲ್ಲ ಇಂಗ್ಲಿಷಿನಲ್ಲಿತ್ತು, ಜಗಳವಾಡಿ ಕನ್ನಡದಲ್ಲಿ ತರಿಸಿದೆ. ಹತ್ತೊಂಬತ್ತು ವರ್ಷ ಕೂಟಗಲ್ಲಿನ ಕಡೆ ಅಂಗನವಾಡಿಯಲ್ಲಿ ದುಡಿದವಳು ನಾನು. ಖಾನೆ ತುಂಬುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅನ್ನುವ ಜಂಬ ನನಗಿತ್ತು.

ಗಡ್ಡ ಬೆಳ್ಳಗಾದವನೇ ದೊಡ್ಡಣ್ಣ. ನಾಲ್ವರಲ್ಲಿ ಹಿರಿಯನಾದ್ದರಿಂದ ಮನೆಯಲ್ಲಿ ಎಲ್ಲರೂ ಹಾಗೆ ಕರೆಯುತ್ತೇವೆ. ವಿರೂಪಾಕ್ಷಿಪುರದ ಕಡೆಯವನು. ಮನೆಯಲ್ಲಿ ಒಂದಷ್ಟು ಹೊಲ, ಕುರಿ ಇವೆ. ಚಿಕ್ಕಂದಿನಿಂದಲೂ ಫಿಟ್ಸ್. ಊರಿನಲ್ಲಿದ್ದಾಗ ಎಲ್ಲಾದರೂ ಬಿದ್ದಾನು ಅನ್ನುವ ಭಯಕ್ಕೆ ಮನೆಯವರು ಹೊಲಕ್ಕೆ ಹೋಗುವಾಗ ಅವನನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಿದ್ದರು. ಕೆಟ್ಟತನದಿಂದಲ್ಲ, ಬೇರೆ ದಾರಿ ಕಾಣದೆ. ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದ ಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ತಪ್ಪದೆ ಹೋಗಿ, ಮೂರು ವರ್ಷದಿಂದ ಒಂದು ಫಿಟ್ಸೂ ಇರಲಿಲ್ಲ. ಪಕ್ಕದ ಬೀದಿಯ ಗೊಂಬೆ ಮಾಡುವ ಶೆಡ್ಡಿನಲ್ಲಿ ಮರದ ಮಣಿ ಪೋಣಿಸುವ ಕೆಲಸ ಸಿಕ್ಕಿತ್ತು. ಒಂದು ಕೆಂಪು, ಎರಡು ಹಳದಿ, ಒಂದು ಹಸಿರು. ಈ ಲೆಕ್ಕ ಅವನಿಗೆ ಎಂದೂ ತಪ್ಪುತ್ತಿರಲಿಲ್ಲ. ಒಂಬತ್ತು ಗಂಟೆಗೆ ಹೊರಡಲು ಎಂಟೂವರೆಗೇ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿದ್ದ.

ಮಾತು ಕಡಿಮೆ. ಏನು ಕೇಳಿದರೂ ಆಯ್ತು. ಸ್ನಾನ ಮಾಡು ಅಂದರೆ ಆಯ್ತು, ಟೀವಿ ಆರಿಸು ಅಂದರೆ ಆಯ್ತು. ಬಂದವರೆಲ್ಲ ‘ಎಷ್ಟು ಒಳ್ಳೆಯವನು, ಎದುರು ಮಾತೇ ಇಲ್ಲ’ ಅಂತ ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ, ಸುಳ್ಳೇಕೆ ಹೇಳಲಿ.

ಆ ಸೋಮವಾರ ನಾಲ್ವರಲ್ಲಿ ಇನ್ನೊಬ್ಬನ ಹಲ್ಲು ಕೀಳಿಸಬೇಕಾಗಿತ್ತು. ಅವನನ್ನು ಕರೆದುಕೊಂಡು ಏಳು ಗಂಟೆಗೆ ರಾಮನಗರದ ಬಸ್ಸು ಹತ್ತಬೇಕು. ಬೆಳಗಿನ ಖಾನೆ ನನ್ನದು, ಸಂಜೆಯ ಖಾನೆ ಜೊತೆಗಾರ್ತಿಯದು. ಒಬ್ಬರದಕ್ಕೆ ಇನ್ನೊಬ್ಬರು ಕೈ ಹಾಕಬಾರದು ಅಂತ ನಾನೇ ಕಾನೂನು ಮಾಡಿದ್ದೆ. ಉಳಿದವರ ಮಾತ್ರೆ ಹೊರಡುವ ಮೊದಲೇ ಮುಗಿಸಿದೆ. ದೊಡ್ಡಣ್ಣನದು ತಿಂಡಿಯ ನಂತರ, ಎಂಟಕ್ಕೆ. ಅವಳಿಗೆ ಹೇಳಿ ಹೋಗೋಣ ಅಂದುಕೊಂಡೆ, ಬಸ್ಸಿನ ಗಡಿಬಿಡಿಯಲ್ಲಿ ಮರೆತೆ. ಎಂಟು ಗಂಟೆ ಹೊತ್ತಿಗೆ ಆಸ್ಪತ್ರೆಯ ಸಾಲಿನಲ್ಲಿ ನೆನಪಾಗಿ ಫೋನು ಮಾಡಿದೆ.

“ದೊಡ್ಡಣ್ಣನ ಮಾತ್ರೆ ಕಣೇ?” ಅಂದೆ.

“ಆಯ್ತಕ್ಕ, ಆಯ್ತು,” ಅಂದಳು.

ನಾನು ಅಂದುಕೊಂಡದ್ದು, ಕೊಟ್ಟಾಯಿತು. ಅವಳು ಹೇಳಿದ್ದು, ಸರಿ, ನೋಡುತ್ತೇನೆ. ಫೋನಿಟ್ಟು ಅವಳು ನೇರವಾಗಿ ದೊಡ್ಡಣ್ಣನ ಹತ್ತಿರ ಹೋಗಿದ್ದಾಳೆ. “ಮಾತ್ರೆ ಆಯ್ತೇನಣ್ಣ?” ಅವನು “ಆಯ್ತು” ಅಂದಿದ್ದಾನೆ. ಬೆಳಗಿನದು ಅಕ್ಕನ ಖಾನೆ, ಎಲ್ಲರಿಗೂ ಕೊಟ್ಟೇ ಹೋಗಿದ್ದಾಳೆ, ಖಾತ್ರಿ ಮಾಡಿಕೊಳ್ಳಲು ಫೋನು ಮಾಡಿದ್ದಾಳೆ ಅಂತ ಇವಳು ಒಲೆಯ ಕಡೆ ತಿರುಗಿದ್ದಾಳೆ. ಮೊದಲು ಅವಳು ಹಾರೋಹಳ್ಳಿಯ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಿದ್ದವಳು. ಅಲ್ಲಿ ಸೂಪರ್‌ವೈಸರು ‘ಆಯ್ತಾ, ಆಯ್ತಾ’ ಅಂತ ಬೆನ್ನ ಹಿಂದೆ ನಿಂತರೆ ಆಗದಿದ್ದರೂ ಆಯ್ತು ಸಾರ್ ಅನ್ನಬೇಕಿತ್ತಂತೆ. ಆ ಅಭ್ಯಾಸ ನಾಲಿಗೆಗೆ ಅಂಟಿಕೊಂಡಿದೆ, ಅವಳದೇನು ತಪ್ಪು? ಹೀಗೆ ಅವಳದು ಒಂದು ಆಯ್ತು, ಅವನದು ಇನ್ನೊಂದು.

ಮೂರನೆಯದು ನನ್ನದು. ಸಂಜೆ ಬಂದು ಚಾರ್ಟು ತೆಗೆದರೆ ಸೋಮವಾರ ಬೆಳಗಿನ ಖಾನೆ ಖಾಲಿ. ನನ್ನ ಖಾನೆ ಅಂತ ಟಿಕ್ ಹಾಕಲು ಹೆದರಿದ್ದಾಳೆ, ಆಯ್ತು ಅಂದಳಲ್ಲ ಅಂದುಕೊಂಡು ಪೆನ್ನು ತೆಗೆದು ನಾನೇ ಟಿಕ್ ಹಾಕಿ ಸಹಿ ಮಾಡಿದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದು. ಮಾತ್ರೆಯ ಸ್ಟ್ರಿಪ್ಪು ಕೈಯಳತೆಯಲ್ಲೇ ಇತ್ತು. ಎಣಿಸಿದ್ದರೆ ಅರ್ಧ ನಿಮಿಷ. ಎಣಿಸಲಿಲ್ಲ.

ಆಸ್ಪತ್ರೆಯಲ್ಲಿ ಅವತ್ತು ಬರೀ ಪರೀಕ್ಷೆ ಮಾಡಿ, ಹಲ್ಲು ನಾಳೆ ಅಂದಿದ್ದರು. ಮಂಗಳವಾರ ಮತ್ತೆ ಅದೇ ಬಸ್ಸು, ಅದೇ ಫೋನು, ಅದೇ ಆಯ್ತು. ಹನ್ನೊಂದರ ಸುಮಾರಿಗೆ ಜೊತೆಗಾರ್ತಿಯೇ ಫೋನು ಮಾಡಿದಳು, ಅಳುತ್ತಿದ್ದಳು. “ಅಕ್ಕಾ, ದೊಡ್ಡಣ್ಣ ಶೆಡ್‌ನಲ್ಲಿ ಬಿದ್ಬುಟ್ಟವ್ನೆ. ಬಾಯಲ್ಲಿ ನೊರೆ ಬತ್ತಾ ಐತೆ.”

ಬಿದ್ದದ್ದು ಮಣಿ ರಾಶಿಯ ಪಕ್ಕ, ಮಣ್ಣಿನ ನೆಲದ ಮೇಲೆ. ನಾಲ್ಕು ಹೆಜ್ಜೆ ಆಚೆ ಮರ ಕಡೆಯುವ ಮಿಷನ್ನು ತಿರುಗುತ್ತಿತ್ತು. ಹಣೆಗೆ ಮೂರು ಹೊಲಿಗೆ ಬಿತ್ತು. ಶೆಡ್ಡಿನ ಯಜಮಾನರು ಒಳ್ಳೆಯವರೇ. ಆದರೂ “ಡಾಕ್ಟ್ರು ಬರ್ಕೊಡೋವರ್ಗೂ ಕೆಲ್ಸಕ್ಕೆ ಬ್ಯಾಡ ಕಣಕ್ಕ, ನಂಗೂ ಭಯ ಆಯ್ತದೆ” ಅಂದರು. ಅವರನ್ನು ಹೇಗೆ ತಪ್ಪು ಅನ್ನಲಿ?

ಅವತ್ತು ಮಧ್ಯಾಹ್ನ ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಸ್ಟ್ರಿಪ್ಪು ಎಣಿಸಿದ್ದು. ಇರಬೇಕಾದ್ದಕ್ಕಿಂತ ಎರಡು ಹೆಚ್ಚು. ಮತ್ತೆ ಎಣಿಸಿದೆ, ಎರಡೇ ಹೆಚ್ಚು. ಜೊತೆಗಾರ್ತಿಯನ್ನು ಕರೆದು ಕೂರಿಸಿಕೊಂಡು ಯಾರು ಯಾರಿಗೆ ಏನು ಅಂದೆವು ಅಂತ ಒಂದೊಂದೇ ಮಾತು ಬಿಡಿಸಿದೆವು. ಮೂರು ಆಯ್ತು, ಮಾತ್ರೆ ಮಾತ್ರ ಇಲ್ಲ. ಅವಳು ತಲೆ ತಲೆ ಚಚ್ಚಿಕೊಂಡಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವಳ ಮೇಲೆ, ಆ ಹಾಳು ಪದದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಚಾರ್ಟಿನಲ್ಲಿ ಗುಂಡಗೆ ಕೂತಿದ್ದ ನನ್ನ ಸಹಿಯ ಮೇಲೆ.

ಬುಧವಾರ ಟ್ರಸ್ಟಿನ ಮ್ಯಾನೇಜರು ಬೆಂಗಳೂರಿನಿಂದ ಬಂದರು. ನನ್ನ ತಮ್ಮನ ವಯಸ್ಸಿನವರು, ಮೆತ್ತಗೆ ಮಾತಾಡುವವರು. ದೊಡ್ಡಣ್ಣನನ್ನು ಫಿಟ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೊರಗೆ ಕೂತಿದ್ದಾಗ ಅವರು ಚಾರ್ಟು ನೋಡಿ ಉಸಿರು ಬಿಟ್ಟರು.

“ಸೋಮವಾರ ಕೊಟ್ಟಿದೆ, ಸದ್ಯ. ಮಂಗಳವಾರದ್ದು ಬಿಟ್ಟುಹೋಗಿದೆಯಲ್ಲ, ಅದನ್ನೂ ಹಾಕಿಬಿಡಿ ಅಮ್ಮ.”

“ಕೊಟ್ಟಿಲ್ಲ ಸಾರ್. ಸೋಮವಾರದ್ದೂ ಕೊಟ್ಟಿಲ್ಲ,” ಅಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಸಹಿ ನೋಡಿದರು. “ಈಗ ಇದನ್ನೆಲ್ಲ ಹೇಳಲೇಬೇಕಾ? ಆಗಿದ್ದು ಆಗಿಹೋಯ್ತು. ಮನೆಗೇ ಕೆಟ್ಟ ಹೆಸರು ಬರುತ್ತೆ,” ಅಂದರು. ನಾನು ಬಾಯಿ ಮುಚ್ಚಿಕೊಂಡೆ. ನನ್ನ ನೌಕರಿ, ಅವಳ ನೌಕರಿ, ಇನ್ನೂ ಮೂರು ಜನರ ಮನೆ ಎಲ್ಲ ಆ ಒಂದು ಟಿಕ್ಕಿನ ಮೇಲೆ ನಿಂತಿರುವ ಹಾಗೆ ಅನ್ನಿಸಿತು. ಒಳಗೆ ಹೋದೆವು. ಡಾಕ್ಟರು ಚಾರ್ಟು ನೋಡಿ, ಒಂದೇ ಹೊತ್ತು ತಪ್ಪಿದ್ದಕ್ಕೆ ಹೀಗಾಗಿದ್ದರೆ ಈ ಮಾತ್ರೆ ಸಾಲುತ್ತಿಲ್ಲ, ಅಳತೆ ಹೆಚ್ಚಿಸಬೇಕು, ಒಂದಷ್ಟು ದಿನ ಮಂಪರು ಇರುತ್ತದೆ, ಕೆಲಸಕ್ಕೆ ಸದ್ಯಕ್ಕೆ ಬೇಡ ಅಂತ ಪೆನ್ನು ಎತ್ತಿಕೊಂಡರು. ದೊಡ್ಡಣ್ಣ ಹಣೆಯ ಪಟ್ಟಿ ಮುಟ್ಟಿಕೊಳ್ಳುತ್ತಾ ಕೂತಿದ್ದ. ನನ್ನ ಸುಳ್ಳು ಟಿಕ್ಕಿಗೆ ಅವನು ಮಂಪರಿನಲ್ಲಿ ಬೀಳಬೇಕು! ತಡೆಯಲಿಲ್ಲ, ಎಲ್ಲ ಹೇಳಿಬಿಟ್ಟೆ. ಒಂದು ಹೊತ್ತಲ್ಲ, ಎರಡು. ಟಿಕ್ಕು ನನ್ನದು, ಮಾತ್ರೆ ಸ್ಟ್ರಿಪ್ಪಿನಲ್ಲೇ ಇದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಪೆನ್ನು ಕೆಳಗಿಟ್ಟು, “ಹಾಗಾದರೆ ಅಳತೆ ಅಷ್ಟೇ ಇರಲಿ, ತಪ್ಪದೆ ಕೊಡಿ, ತಿಂಗಳು ಬಿಟ್ಟು ಕೆಲಸದ ವಿಷಯ ನೋಡೋಣ” ಅಂದರು. ವಾಪಸ್ಸು ಬಂದ ಮೇಲೆ ಮ್ಯಾನೇಜರು ದೊಡ್ಡಣ್ಣನ ಊರಿಗೂ ಫೋನು ಮಾಡಿ ವಿಷಯ ತಿಳಿಸಿದರು.

ನಿಜ ಹೇಳಿದರೆ ದೇವರು ಮೆಚ್ಚುತ್ತಾನೆ ಅನ್ನುತ್ತಾರೆ. ದೇವರ ವಿಷಯ ಗೊತ್ತಿಲ್ಲ, ಮನುಷ್ಯರಂತೂ ಮೆಚ್ಚುವುದಿಲ್ಲ. ಭಾನುವಾರ ದೊಡ್ಡಣ್ಣನ ತಮ್ಮ ಲಗೇಜ್ ಆಟೊ ಮಾಡಿಕೊಂಡು ಬಂದ. ಕಂಬಳಿ, ಎರಡು ಗೋಣಿಚೀಲ ಬೇರೆ ತಂದಿದ್ದ. ಮ್ಯಾನೇಜರೂ ಬಂದರು. ಅವರ ಕೈಯಲ್ಲಿ ಫಾರಂ ಇತ್ತು, ನಿವಾಸಿ ಸ್ವಂತ ಇಚ್ಛೆಯಿಂದ ಮನೆಗೆ ಹೋಗುತ್ತಿದ್ದಾರೆ ಅಂತ.

“ನಿಮ್ಮುನ್ನ ನಂಬಿ ಬುಟ್ಟಿದ್ದು ಕಣಕ್ಕ ನಾವು,” ಅಂದ ತಮ್ಮ. “ಮಾತ್ರೆ ಕೊಡದೂ ಆಗ್ನಿಲ್ವಾ ನಿಮ್ಗೆ? ಆ ಮಿಷನ್ ಮ್ಯಾಲೆ ಬಿದ್ದಿದ್ರೆ? ಊರಲ್ಲಾದ್ರೆ ಬೀಗ ಹಾಕಿದ್ರೂ ಜೀವ ಇರ್ತದೆ.”

ಅವನ ಮಾತಿನಲ್ಲಿ ತಪ್ಪೇ ಇರಲಿಲ್ಲ. ಆದರೂ ನನಗೆ ಕಣ್ಣ ಮುಂದೆ ಬಂದದ್ದು ಆ ಬೀಗ. ಮೂರು ವರ್ಷ ಒಂಬತ್ತಕ್ಕೆ ಚಪ್ಪಲಿ ಹಾಕಿಕೊಂಡು ಹೊರಟ ಮನುಷ್ಯ ಮತ್ತೆ ಒಳಗೆ ಕೂರಬೇಕು. ನನ್ನ ಅರ್ಧ ನಿಮಿಷದ ಸೋಮಾರಿತನಕ್ಕೆ. “ಅವನನ್ನೂ ಒಂದು ಮಾತು ಕೇಳಿ,” ಅಂದೆ.

“ಕೇಳೋಣ, ಕೇಳಲೇಬೇಕು,” ಅಂದರು ಮ್ಯಾನೇಜರು. ದೊಡ್ಡಣ್ಣನ ಎದುರಿಗೆ ಕೂತು ನಿಧಾನವಾಗಿ ಕೇಳಿದರು, “ತಮ್ಮನ ಜೊತೆ ಊರಿಗೆ ಹೋಗ್ತೀರಾ?”

“ಆಯ್ತು,” ಅಂದ ದೊಡ್ಡಣ್ಣ.

ಮ್ಯಾನೇಜರು ಇಂಕಿನ ಡಬ್ಬಿ ತೆಗೆದರು. ನಾನು ಎದ್ದು ನಿಂತೆ. “ಸಾರ್, ಅವನು ಎಲ್ಲದಕ್ಕೂ ಆಯ್ತು ಅಂತಾನೆ. ಬಾವಿಗೆ ಬೀಳ್ತೀಯಾ ಅಂತ ಕೇಳಿ, ಅದಕ್ಕೂ ಆಯ್ತು ಅಂತಾನೆ. ಈ ಆಯ್ತು ನಂಬೇ ನಾವು ಇಲ್ಲಿಗೆ ಬಂದಿರೋದು.” ಯಾರೂ ಕೇಳಿಸಿಕೊಳ್ಳಲಿಲ್ಲ. ತಪ್ಪು ಮಾಡಿದವಳ ಮಾತಿಗೆ ಬೆಲೆ ಎಲ್ಲಿದೆ? ಹೆಬ್ಬೆಟ್ಟು ಒತ್ತಿಸಿದರು. ದೊಡ್ಡಣ್ಣ ಇಂಕನ್ನು ಪ್ಯಾಂಟಿಗೆ ಒರೆಸಿಕೊಂಡ.

ಅವನ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದೆ. ಮಾತ್ರೆ ಯಾವ ಹೊತ್ತಿಗೆ, ಯಾವುದು, ಫಿಟ್ಸ್ ನಿಂತ ಮಾತ್ರಕ್ಕೆ ಮಾತ್ರೆ ನಿಲ್ಲಿಸಬಾರದು, ಮುಗಿಯುವ ವಾರ ಮೊದಲೇ ತರಬೇಕು ಅಂತ ತಮ್ಮನಿಗೆ ಎರಡೆರಡು ಸಲ ಹೇಳಿದೆ. ಅವನು ಪ್ರತಿ ಮಾತಿಗೂ “ಆಯ್ತು ಬುಡಕ್ಕ” ಅಂದ. ಹಲ್ಲು ಕಚ್ಚಿಕೊಂಡೆ. ಚೀಲ ಆಟೊಗೆ ಹೋಯಿತು. ದೊಡ್ಡಣ್ಣ ಚಪ್ಪಲಿ ಹಾಕಿಕೊಂಡು ಬಾಗಿಲವರೆಗೆ ಬಂದ. ಬೀದಿಗೆ ಇಳಿದು, ಆಟೊ ನೋಡಿದ, ಶೆಡ್ಡಿನ ಕಡೆ ನೋಡಿದ. ಆಮೇಲೆ ವಾಪಸ್ಸು ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ.

“ನಡಿಯಣ್ಣ, ಹೊತ್ತಾಯ್ತದೆ,” ಅಂದ ತಮ್ಮ.

“ಬರಕಿಲ್ಲ.”

“ಯಾಕಣ್ಣ?”

“ಮಣಿ ಐತೆ. ಬರಕಿಲ್ಲ.”

ನಾಲ್ಕು ವರ್ಷದಲ್ಲಿ ಆ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಮ್ಯಾನೇಜರು ಮೆತ್ತಗೆ ನಕ್ಕರು. “ಪಾಪ, ಅವರಿಗೇನು ಗೊತ್ತಾಗುತ್ತೆ. ಒಂದೆರಡು ದಿನಕ್ಕೆ ಸರಿಹೋಗ್ತಾರೆ, ಕರ್ಕೊಂಡು ಹೋಗಿ,” ಅಂದರು.

ಅಲ್ಲಿಗೆ ನನ್ನ ನೆತ್ತಿಗೆ ಹತ್ತಿತು. ಬೀದಿಯವರೆಲ್ಲ ಬಾಗಿಲಿಗೆ ಬರುವ ಹಾಗೆ ಕೂಗಿದೆ. “ಅರ್ಧ ಗಂಟೆ ಹಿಂದೆ ಆಯ್ತು ಅಂದಾಗ ಅವನಿಗೆ ಎಲ್ಲ ಗೊತ್ತಾಗ್ತಿತ್ತು, ಹೆಬ್ಬೆಟ್ಟು ಒತ್ತಿಸ್ಕೊಂಡ್ರಿ. ಈಗ ಬರಲ್ಲ ಅಂದ ತಕ್ಷಣ ಬುದ್ಧಿ ಹೊರಟುಹೋಯ್ತಾ? ನಿಮಗೆ ಬೇಕಾದಾಗ ಬುದ್ಧಿ ಇರುತ್ತೆ, ಬೇಡವಾದಾಗ ಇರಲ್ಲ, ಅಲ್ವಾ? ನನ್ನನ್ನ ಕೆಲಸದಿಂದ ತೆಗೀರಿ. ನಾನು ಮಾಡಿದ್ದಕ್ಕೆ ಅವನ್ಯಾಕೆ ಹೋಗ್ಬೇಕು?”

ಮ್ಯಾನೇಜರು ಫಾರಂ ಮಡಿಸುತ್ತಾ ನಿಂತರು. ತಮ್ಮ ಮಾತ್ರ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಅಣ್ಣನ ಎದುರು ಕುಕ್ಕರುಗಾಲಿನಲ್ಲಿ ಕೂತ. “ಇವ್ನು ನಂಗೆ ಯಾವತ್ತೂ ಒಲ್ಲೆ ಅಂದೇ ಇಲ್ಲ ಕಣಕ್ಕ,” ಅಂದ, ಸಣ್ಣ ದನಿಯಲ್ಲಿ. “ಬೀಗ ಹಾಕವಾಗ್ಲೂ ಆಯ್ತು ಅಂತಿದ್ದ.” ಎದ್ದು ಆಟೊದಿಂದ ಚೀಲ ಇಳಿಸಿದ. “ಇನ್ನೊಂದ್ ಸಲ ಬಿದ್ರೆ ಯಾರ್ ಮಾತೂ ಕೇಳಕಿಲ್ಲ, ಕರ್ಕೊಂಡ್ ಹೋಯ್ತೀನಿ” ಅಂತ ನನಗೆ ಬೆರಳು ತೋರಿಸಿ ಹೇಳಿ ಹೊರಟ.

ಮ್ಯಾನೇಜರಿಗೆ ಹೆಬ್ಬೆಟ್ಟು ಬಿದ್ದ ಫಾರಂ ಏನು ಮಾಡುವುದೋ ತಿಳಿಯಲಿಲ್ಲ. ನನಗೊಂದು ಮೆಮೊ ಕೊಟ್ಟರು, ತೆಗೆದುಕೊಂಡೆ. ಮನೆಯಲ್ಲಿ ಹೊಸ ಕಾನೂನು ಬಂತು. ಮಾತ್ರೆಯ ವಿಷಯಕ್ಕೆ ಆಯ್ತು ಅನ್ನುವ ಹಾಗಿಲ್ಲ. ‘ಕೊಟ್ಟೆ’ ಅಥವಾ ‘ಕೊಟ್ಟಿಲ್ಲ’. ಎರಡೂ ಹೊತ್ತು ಸ್ಟ್ರಿಪ್ಪು ಎಣಿಸಿ ಬರೆಯಬೇಕು. ಜೊತೆಗಾರ್ತಿ ಹೆದರಿ ಮಾತ್ರೆಯ ಡಬ್ಬಿ ಮುಟ್ಟುವುದನ್ನೇ ಬಿಟ್ಟಿದ್ದಳು. ಸದ್ಯಕ್ಕೆ ಎರಡು ಹೊತ್ತೂ ನಾನೇ ಕೊಡುತ್ತೇನೆ ಅಂದೆ.

ಅದೇ ಭಾನುವಾರ ಸಂಜೆ ಊಟವಾದ ಮೇಲೆ ದೊಡ್ಡಣ್ಣನ ಮಾತ್ರೆ ತೆಗೆದೆ. ತರಬೇತಿಯಲ್ಲಿ ಕಲಿತ ಪ್ರಕಾರ ಯಾವಾಗಲೂ ಮಾತ್ರೆಯನ್ನು ನಾಲಿಗೆಯ ಮೇಲೆ ಇಡಿಸಿ, ಬಾಯಿಗೆ ಹೋದದ್ದು ಖಾತ್ರಿ ಮಾಡಿಕೊಂಡು, ಆಮೇಲೆ ಲೋಟಕ್ಕೆ ನೀರು ಬಗ್ಗಿಸಿ ಕೊಡುತ್ತಿದ್ದೆ. ಜೊತೆಗಾರ್ತಿಗೂ ಹಾಗೇ ಕಲಿಸಿದ್ದೆ. “ತಗೋ ದೊಡ್ಡಣ್ಣ,” ಅಂದೆ.

“ಬ್ಯಾಡ,” ಅಂದ.

ಬೆಳಿಗ್ಗೆ ಇದೇ ಮಾತಿಗಾಗಿ ಬೀದಿಯಲ್ಲಿ ಕೂಗಾಡಿದವಳು ನಾನು, ಈಗ ಬಾಯಿ ತೆರೆಸಿ ತುರುಕಲೇ? ಬಿಟ್ಟರೆ ನಾಳೆ ಮತ್ತೆ ಬೀಳುತ್ತಾನೆ, ಬಿದ್ದರೆ ಆಟೊ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಅಯ್ಯೋ, ನಿನ್ನ ಮನೆ ಕಾಯ್ವೋಗ, ಇವತ್ತೇ ಕಲಿಯಬೇಕಿತ್ತಾ ಈ ಮಾತನ್ನ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಬೈದು ಸಾಕಾಗಿ ಅವನ ಪಕ್ಕ ಕೂತೆ.

“ಯಾಕೆ ಬೇಡ?” ಅಂತ ಕೇಳಿದೆ.

ಅವನು ನಾಲಿಗೆ ಹೊರಗೆ ಹಾಕಿ ಬೆರಳಿನಿಂದ ಮುಟ್ಟಿ ತೋರಿಸಿದ.

“ಕಯ್ಯಿ,” ಅಂದ. “ನೀರು ಮೊದ್ಲು.”

ಮೊದಲು ನೀರು ಕೊಟ್ಟೆ. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡೇ ಕೈ ಚಾಚಿದ, ಮಾತ್ರೆ ಹಾಕಿಕೊಂಡು ನುಂಗಿದ, ಕೇಳದೆಯೇ ಬಾಯಿ ತೆರೆದು ತೋರಿಸಿದ. ನಾಲ್ಕು ವರ್ಷ, ದಿನಕ್ಕೆ ಎರಡು ಹೊತ್ತು, ನಾವು ನೀರು ಬಗ್ಗಿಸುವ ತನಕ ಅವನು ಆ ಕಹಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಾದಿದ್ದ. ಯಾಕೆ ಅಂತ ನಾನು ಕೇಳಿದ್ದು ಅವತ್ತೇ ಮೊದಲು.